ಹಳೆಯ ಊರು, ಹೊಸ ಕಟ್ಟಡ

ಸೂರತ್ತಿನ ನಮ್ಮವರು ರಜೆಯ ದಿನ ಅಹಮದಾಬಾದಿಗೆ ಹೋದರೆ ಭದ್ರಕಾಳಿಯ ದರ್ಶನ ಮಾಡಿ, ತೀನ್ ದರವಾಜಾದ ಪೇಟೆಯಲ್ಲಿ ಸುತ್ತಾಡಿ ಬರುವುದು ವಾಡಿಕೆ. ಅಲ್ಲಿ ಭದ್ರದ ಕೋಟೆಯ ಬಳಿ ನಿಂತಿರುವ ಕಾಂಕ್ರೀಟಿನ ಭಾರೀ ಕಟ್ಟಡವೊಂದು ಕಣ್ಣಿಗೆ ಬೀಳದಿರದು. ಅದೇ ಪ್ರೇಮಾಭಾಯಿ ಹಾಲ್. ‘ಇಂಥ ಪುರಾತನ ಸ್ಥಳದಲ್ಲಿ ಇದನ್ನೇಕೆ ಕಟ್ಟಿದರು?’ ಎಂದು ಕೇಳುವವರು ಇಂದಿಗೂ ಇದ್ದಾರೆ.

ಪ್ರಶ್ನೆ ನಿರಾಧಾರವಾದುದಲ್ಲ. 1411ರಲ್ಲಿ ಅಹಮದ್ ಶಹನು ಸ್ಥಾಪಿಸಿದ ಊರಿದು. ಇಲ್ಲಿನ ಪೋಳ್ ಎಂಬ ಕೇರಿಗಳಲ್ಲಿ ಕೆತ್ತನೆಯ ಮರದ ಮನೆಗಳು, ನಡುವೆ ತಂಪಾದ ಅಂಗಳ, ಅದರಡಿಯಲ್ಲಿ ಮಳೆನೀರಿನ ತೊಟ್ಟಿ. 2017ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವ ಪರಂಪರೆಯ ನಗರವೆಂದು ಮನ್ನಿಸಿತು. ಇಂಥ ನೆರೆಯಲ್ಲಿ ಒರಟು ಕಾಂಕ್ರೀಟು ಹೊಂದುವುದಿಲ್ಲವೆಂಬ ಆಕ್ಷೇಪಣೆ ಸಹಜವೇ.

ಆದರೆ ವಿಚಿತ್ರವಾಗಿ ಕಂಡುದೆಲ್ಲ ಅವಿವೇಕವೆಂದು ಹೇಳುವಂತಿಲ್ಲ. ಸ್ವಾತಂತ್ರ್ಯಾನಂತರ ಇಲ್ಲಿನ ಗಿರಣಿ ಮಾಲೀಕರು ಜಗತ್ಪ್ರಸಿದ್ಧ ಶಿಲ್ಪಿ ಲ ಕಾರ್ಬ್ಯೂಸಿಯೆಯನ್ನು ಕರೆಸಿ, ಸಾಬರಮತಿಯ ದಡದಲ್ಲಿ ತಮ್ಮ ಸಂಘದ ಭವನವನ್ನು ಕಟ್ಟಿಸಿದರು. 1954ರಲ್ಲಿ ಪೂರ್ಣಗೊಂಡ ಆ ಭವನದ ರಸ್ತೆಯ ಮುಖದಲ್ಲಿ ಓರೆಯಾಗಿ ನಿಲ್ಲಿಸಿದ ಕಾಂಕ್ರೀಟಿನ ಹಲಗೆಗಳಿವೆ. ಪಡುವಣ ಬಿಸಿಲನ್ನು ತಡೆದು ಗಾಳಿಯನ್ನು ಒಳಗೆ ಬಿಡುವುದೇ ಅವುಗಳ ಕೆಲಸ. ನಮ್ಮೂರಿನಲ್ಲಿ ಜಗಲಿಗೆ ತಟ್ಟಿ ಕಟ್ಟುವುದೂ ಇದಕ್ಕೇ ಅಲ್ಲವೇ?

ಇನ್ನೊಂದು ಪ್ರಸಂಗವನ್ನು ನೋಡಿರಿ. ಅಮೇರಿಕದ ಲೂಯಿ ಕಾನ್ 1962ರಿಂದ ಇಲ್ಲಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿಗಾಗಿ ಇಟ್ಟಿಗೆಯ ಮಹಾಕಮಾನುಗಳ ಕಟ್ಟಡಗಳನ್ನು ರಚಿಸಿದರು. ಕಾಲಾಂತರದಲ್ಲಿ ಇಟ್ಟಿಗೆ ಸವೆಯಿತು, ಮಳೆನೀರು ಒಸರಿತು, 2001ರ ಭೂಕಂಪವೂ ಘಾತ ಮಾಡಿತು. 2020ರ ಡಿಸೆಂಬರಿನಲ್ಲಿ 18 ವಿದ್ಯಾರ್ಥಿನಿಲಯಗಳ ಪೈಕಿ 14ನ್ನು ಕೆಡವುವ ಸುದ್ದಿ ಹೊರಬಿದ್ದೊಡನೆ ದೇಶವಿದೇಶಗಳಲ್ಲಿ ಕೂಗೆದ್ದಿತು. 2021ರ ಜನವರಿ 1ರಂದು ಸಂಸ್ಥೆಯು ಹಿಂಜರಿಯಿತು. 2022ರ ನವೆಂಬರಿನಲ್ಲಿ, ಇವು ವಾಸಕ್ಕೆ ಕ್ಷೇಮಕರವಲ್ಲವೆಂದು ಮತ್ತೆ ಪುನರ್ನಿರ್ಮಾಣದ ಮಾತೆತ್ತಿತು. ನಿನ್ನೆ ಹೊಸತಾಗಿದ್ದುದೇ ಇಂದು ಪರಂಪರೆಯಾಗಿ, ಅದನ್ನುಳಿಸಲು ಜನ ಹೋರಾಡುವಂತಾಯಿತು!

ಇಲ್ಲಿ ಯಾರ ಮಾತು ಸರಿ? ರಸ್ತೆಯಿಂದ ನೋಡುವವನಿಗೆ ಕಮಾನಿನ ಚೆಲುವು ಕಾಣುತ್ತದೆ. ಒಳಗೆ ಮಲಗುವವನಿಗೆ ಸೋರುವ ಮಾಡು ಕಾಣುತ್ತದೆ. ಹೋಟೆಲಿನ ಅಟ್ಟದ ಮೇಲೆ ಮಳೆಗಾಲ ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೂ ಸೋರಿತೆಂದು ಮನೆಯನ್ನೇ ಕೆಡವುವುದಕ್ಕೆ ಮೊದಲು ಮಾಡನ್ನು ದುರಸ್ತಿ ಮಾಡಿ ನೋಡಬೇಕು. ಅದೇ ಆವರಣದ ಗ್ರಂಥಾಲಯವನ್ನು ಜೀರ್ಣೋದ್ಧಾರ ಮಾಡಿದುದಕ್ಕೆ 2019ರಲ್ಲಿ ಯುನೆಸ್ಕೋ ಪುರಸ್ಕಾರ ಸಂದಿತು.

ಪ್ರೇಮಾಭಾಯಿ ಹಾಲನ್ನು ರಚಿಸಿದ ಬಾಲಕೃಷ್ಣ ದೋಶಿಯವರು ಕಾರ್ಬ್ಯೂಸಿಯೆಯ ಶಿಷ್ಯರು. ಕಾನ್‌ರನ್ನು ಇಲ್ಲಿಗೆ ಬರಮಾಡಿಕೊಂಡವರು. 2018ರಲ್ಲಿ ಪ್ರಿಟ್ಸ್ಕರ್ ಪಾರಿತೋಷಕ ಪಡೆದು, 2023ರಲ್ಲಿ ದಿವಂಗತರಾದರು. ನಮ್ಮ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ಕಲ್ಲಿನ ಕಟ್ಟಡಗಳೂ ಅವರ ಕೈವಾಡವೇ. ಅಲ್ಲಿ ಬಳ್ಳಿ ಹಬ್ಬಿದ ಮೊಗಸಾಲೆಗಳಲ್ಲಿ ವಿದ್ಯಾರ್ಥಿಗಳು ನೆರಳು ಹಿಡಿದು ನಡೆಯುತ್ತಾರೆ. ಇಲ್ಲಿಯೋ, 1990ರ ದಶಕದಲ್ಲಿ ಹಾಲಿನ ಬಾಗಿಲಿಗೆ ಬಿದ್ದ ಬೀಗ ಬಹುಕಾಲ ತೆರೆಯಲಿಲ್ಲ.

ಕಲ್ಲೋ ಕಾಂಕ್ರೀಟೋ, ನೆರಳು ಕೊಟ್ಟು ಬಾಗಿಲು ತೆರೆದಿಟ್ಟ ಕಟ್ಟಡವನ್ನು ಊರು ಕ್ರಮೇಣ ತನ್ನದೆನ್ನುತ್ತದೆ. ಬಾಗಿಲು ಮುಚ್ಚಿದರೆ ಅದು ಎಂದೆಂದಿಗೂ ಪರದೇಶಿಯೇ. ಪರಸ್ಥಳಕ್ಕೆ ಬಂದು, ದುಡಿಮೆಯಿಂದ ಇಲ್ಲಿಯವರೇ ಆದ ನಮಗೆ ಈ ಮಾತು ಹೊಸತೇನಲ್ಲ.