ಮೊಲದ ಮರಿಯ ಮೈಬಣ್ಣ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ನಾವು ಇತರರ ಹಠವನ್ನು ಕುರಿತು ಆಡುವುದುಂಟು. ಆ ಗಾದೆ ಒಮ್ಮೆ ನಮಗೇ ತಕ್ಕುದಾಯಿತು. ನಮ್ಮದು ಹಿಡಿದ ಮೊಲವಲ್ಲ, ಹಣಕೊಟ್ಟು ತಂದ ಮೊಲ. ಅದರ ಕಾಲುಗಳ ಲೆಕ್ಕದಲ್ಲಿ ವಿವಾದವಿರಲಿಲ್ಲ, ವಿವಾದವಿದ್ದದ್ದು ಬಣ್ಣದಲ್ಲಿ.

ಮನೆಯ ಮಕ್ಕಳ ಒತ್ತಾಯಕ್ಕೆ ಮಣಿದು ನಾವು ಸಂತೆಯಿಂದ ಎರಡು ತಿಂಗಳ ಮರಿಯೊಂದನ್ನು ತಂದೆವು. ಅದು ಕಾಡಿಗೆಯಂತೆ ಕಪ್ಪಾಗಿತ್ತು. ನಾಲ್ಕು ತಿಂಗಳು ತುಂಬುವ ವೇಳೆಗೆ ಅದರ ಪಕ್ಕೆಗಳಲ್ಲಿ ತುಕ್ಕು ಹಿಡಿದ ಕಬ್ಬಿಣದ ಬಣ್ಣ ತೋರಿತು. ಬೆನ್ನಿನ ಮೇಲೆ ಮಾತ್ರ ಮೊದಲಿಗಿಂತ ಹೆಚ್ಚಿನ ಕಪ್ಪು. ಎರಡರ ನಡುವೆ ಭೂಪಟದ ಗಡಿಯಂತೆ ಒಂದು ಗೆರೆ. ಕೋಳಿಮರಿಗಳಿಗೆ ಬಣ್ಣ ಹಾಕಿ ಮಾರುವುದನ್ನು ಕಂಡಿದ್ದ ನಾವು ಇದೂ ಅಂಥ ಕೈಚಳಕವೇ ಎಂದು ನಿಶ್ಚಯಿಸಿ, ಮಾರಿದವನ ಬಳಿಗೆ ಹೋಗಿ ಕಟುವಾಗಿ ಮಾತನಾಡಿದೆವು. ಅವನು, "ಸ್ವಾಮೀ, ಅದು ಕೂದಲು ಉದುರಿಸುವ ವಯಸ್ಸು. ಒಂದು ತಿಂಗಳು ಸುಮ್ಮನಿದ್ದು ನೋಡಿ" ಎಂದಷ್ಟೇ ಹೇಳಿದನು. ಆ ಮಾತು ನಮಗೆ ಹಿಡಿಸಲಿಲ್ಲ. ಬಣ್ಣವನ್ನು ತೊಳೆದೇ ತೋರಿಸುವೆವೆಂದು ಮನೆಗೆ ಬಂದು, ಮರಿಯನ್ನು ತಣ್ಣೀರಿನಲ್ಲಿಟ್ಟು ಸಾಬೂನು ಹಚ್ಚಿ ಮೀಯಿಸಿದೆವು. ನೀರಿಗೆ ಬಣ್ಣ ಇಳಿಯಲಿಲ್ಲ. ಮರಿ ನಡುಗಿ ಮೂಲೆ ಸೇರಿತು. ಆ ರಾತ್ರಿ ಹುಲ್ಲು ಮುಟ್ಟಲಿಲ್ಲ. ಮರುದಿನ ಸಂಜೆಗೆ ತೀರಿಹೋಯಿತು. ಕಾಲೇಜಿನಲ್ಲಿ ಪಾಠ ಹೇಳುವ ನಮಗೆ ತಿಳಿಯದಿದ್ದುದು ಸಂತೆಯಲ್ಲಿ ಕುಳಿತವನಿಗೆ ತಿಳಿದಿತ್ತು. ಆ ಬಳಿಕ ನಾವು ಓದಿಯೂ ಕೇಳಿಯೂ ಕಲಿತುದನ್ನು ಇಂದು ಶ್ರೋತೃಗಳ ಮುಂದೆ ಇಡುತ್ತೇವೆ.

ಮೊಟ್ಟಮೊದಲು ಮನಸ್ಸಿನಲ್ಲಿಡಬೇಕಾದ ಸಂಗತಿ ಒಂದೇ. ಮೊಲದ ಕೂದಲು ಬಣ್ಣವನ್ನು ಬದಲಿಸುವುದಿಲ್ಲ. ಮೊಲವು ಕೂದಲನ್ನು ಬದಲಿಸುತ್ತದೆ. ಚರ್ಮದ ಮೇಲೆ ಕಾಣುವ ಕೂದಲು ಜೀವವಿಲ್ಲದ ವಸ್ತು. ಅದಕ್ಕೆ ಬಣ್ಣ ಸೇರುವುದು ಚರ್ಮದೊಳಗಿನ ಬೇರಿನಲ್ಲಿ, ಅದು ಬೆಳೆಯುತ್ತಿರುವಾಗ ಮಾತ್ರ. ಹೊರಗೆ ಬಂದಮೇಲೆ ಬಿಸಿಲಿಗೆ ಮಾಸಬಹುದು, ಮೂತ್ರ ತಗುಲಿ ಹಳದಿಯಾಗಬಹುದು. ಹೊಸ ವರ್ಣವನ್ನು ತಾನಾಗಿ ಪಡೆಯಲಾರದು. ನಮ್ಮ ಮರಿಯ ಪಕ್ಕೆಯಲ್ಲಿ ಕಂಡ ಕೆಂಪು, ಮಾಸಿದ ಹಳೆಯ ಕೂದಲಿನದು. ಬೆನ್ನಿನ ಕಪ್ಪು, ಹೊಸದಾಗಿ ಹುಟ್ಟಿದ ಕೂದಲಿನದು. ನಾವು ಮೋಸದ ಗುರುತೆಂದು ತಿಳಿದ ಆ ಗೆರೆ, ಹಳೆಯದಕ್ಕೂ ಹೊಸದಕ್ಕೂ ನಡುವಣ ಎಲ್ಲೆಯಾಗಿತ್ತು.

ಸಾಕುಮೊಲದ ಮರಿ ಹುಟ್ಟುವಾಗ ಬಹುಮಟ್ಟಿಗೆ ಬೆತ್ತಲೆಯಾಗಿರುತ್ತದೆ, ಕಣ್ಣೂ ಮುಚ್ಚಿರುತ್ತದೆ. ಕೆಲವು ದಿನಗಳಲ್ಲಿ ನವಿರಾದ ರೋಮ ಮೂಡುತ್ತದೆ. ಹತ್ತು ಹನ್ನೆರಡನೆಯ ದಿನಕ್ಕೆ ಕಣ್ಣು ತೆರೆಯುತ್ತದೆ. ನಮ್ಮ ಹೊಲಗಾಡುಗಳ ಕಾಡುಮೊಲ ಬೇರೆಯ ಜಾತಿ. ಅದರ ಮರಿ ಕಣ್ಣು ತೆರೆದುಕೊಂಡೇ, ರೋಮ ಹೊದ್ದುಕೊಂಡೇ ಹುಟ್ಟುತ್ತದೆ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವೂ ಹೌದು. ಸಾಕುಮರಿಯ ಮೊದಲ ಹೊದಿಕೆ ಮೃದುವಾದದ್ದು. ಅದರ ಬಣ್ಣವೂ ಅನೇಕ ವೇಳೆ ಮಂಕಾಗಿರುತ್ತದೆ. ಕೆಲವು ವಾರಗಳಲ್ಲಿ ಅದು ಸಡಿಲಗೊಂಡು ಎಳೆಯ ವಯಸ್ಸಿನ ಎರಡನೆಯ ಹೊದಿಕೆಗೆ ಸ್ಥಳ ಬಿಡುತ್ತದೆ. ಸುಮಾರು ಐದಾರು ತಿಂಗಳಲ್ಲಿ ಪ್ರಾಯದ ಹೊದಿಕೆ ಬರುತ್ತದೆ. ಮೊಲದ ನಿಜವಾದ ಬಣ್ಣ ಇದೇ. ಆದುದರಿಂದ ಮರಿಯ ಬಣ್ಣವನ್ನು ಮೆಚ್ಚಿ ಕೊಳ್ಳುವವರು, ಬೆಳೆದ ತಾಯಿತಂದೆಗಳ ಬಣ್ಣವನ್ನು ನೋಡಿ ಕೊಳ್ಳುವುದು ಲೇಸು.

ಈ ವರ್ಣಗಳೆಲ್ಲಕ್ಕೂ ಮೂಲವಾದ ದ್ರವ್ಯ ಮೆಲನಿನ್. ಅದರಲ್ಲಿ ಎರಡು ಬಗೆ: ಒಂದು ಕಪ್ಪು ಅಥವಾ ಕಂದು, ಇನ್ನೊಂದು ಹಳದಿ ಅಥವಾ ಕೆಂಪು. ಮಣ್ಣುಬಣ್ಣದ ಮೊಲವೊಂದು ನಿಮ್ಮ ಮನೆಯಲ್ಲಿದ್ದರೆ ಅದರ ಬೆನ್ನಿನ ಮೇಲೆ ಮೆಲ್ಲನೆ ಊದಿ ನೋಡಿರಿ. ಕೂದಲು ಹೂವಿನಂತೆ ಅರಳಿ ಬುಡದಲ್ಲಿ ಬೂದು, ನಡುವೆ ಹೊಂಬಣ್ಣ, ತುದಿಯಲ್ಲಿ ಕಪ್ಪು ಹೀಗೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಒಂದೇ ಕೂದಲು ಬೆಳೆಯುತ್ತ ಬೆಳೆಯುತ್ತ ಬೇರು ಒಂದು ಬಣ್ಣದಿಂದ ಇನ್ನೊಂದಕ್ಕೆ ತಿರುಗಿದುದರ ಫಲವಿದು. ಇಂಥ ಮೊಲ ರೋಮ ಉದುರಿಸುವಾಗ ಕೆಲವೆಡೆ ಬುಡದ ಬೂದು ಬಯಲಾಗುತ್ತದೆ. ಆಗ ಮೈಯೆಲ್ಲ ತೇಪೆ ಹಾಕಿದಂತೆ ತೋರುವುದು ಸಹಜ.

ಕೆಲವು ತಳಿಗಳಲ್ಲಿ ಬದಲಾವಣೆ ಇನ್ನೂ ವಿಚಿತ್ರ. ಫ್ರಾನ್ಸಿನ ಷಾಂಪೇನ್ ದಾರ್ಜಾಂ ತಳಿಯ ಮರಿಗಳು ಹುಟ್ಟುವಾಗ ಅಪ್ಪಟ ಕಪ್ಪು. ಎರಡು ತಿಂಗಳ ಆಸುಪಾಸಿನಲ್ಲಿ ಅಲ್ಲೊಂದು ಇಲ್ಲೊಂದು ಬೆಳ್ಳಿಕೂದಲು ಮೂಡಿ, ಪ್ರಾಯಕ್ಕೆ ಬರುವಷ್ಟರಲ್ಲಿ ಮೈಯೆಲ್ಲ ಹಳೆಯ ಬೆಳ್ಳಿಯ ಬಣ್ಣವಾಗುತ್ತದೆ. ಹಿಮಾಲಯನ್ ಎಂಬ ತಳಿಯದು ಬೇರೊಂದು ಸೋಜಿಗ. ಅದರ ಮೈ ಬಿಳುಪು. ಮೂಗು, ಕಿವಿ, ಪಾದ, ಬಾಲ ಮಾತ್ರ ಕಪ್ಪು. ಇದರಲ್ಲಿ ಮೆಲನಿನ್ನನ್ನು ಸಿದ್ಧಗೊಳಿಸುವ ಕಿಣ್ವ ಮೈಯ ಬಿಸಿಯಲ್ಲಿ ಕೆಲಸ ಮಾಡಲಾರದು, ತಂಪಾದ ಭಾಗಗಳಲ್ಲಿ ಮಾತ್ರ ಮಾಡಬಲ್ಲುದು. ಬೆನ್ನಿನ ಬಿಳಿಯ ಕೂದಲನ್ನು ಬೋಳಿಸಿ ಅಲ್ಲಿ ಮಂಜುಗಡ್ಡೆಯ ಚೀಲ ಕಟ್ಟಿಟ್ಟರೆ, ಮತ್ತೆ ಬೆಳೆಯುವ ಕೂದಲು ಕಪ್ಪಾಗಿರುತ್ತದೆಂಬುದನ್ನು ಪ್ರಯೋಗದಿಂದ ತೋರಿಸಿದ್ದಾರೆ. ಗೂಡಿನಲ್ಲಿ ಚಳಿ ತಗುಲಿದ ಎಳೆಮರಿಯ ಮೈ ಬೂದಾಗಿ, ಮುಂದಿನ ಹೊದಿಕೆಯಲ್ಲಿ ಬಿಳುಪಾಗುವುದೂ ಉಂಟು. ಬಣ್ಣವು ಹುಟ್ಟಿನಿಂದ ಬಂದುದು ನಿಜ. ಆದರೆ ಹುಟ್ಟು ಬರೆದುದನ್ನು ಓದುವಾಗ ಹವೆಯೂ ಒಂದು ಮಾತು ಸೇರಿಸುತ್ತದೆ.

ಪ್ರಾಯದ ಮೊಲ ವರ್ಷಕ್ಕೆ ಎರಡು ಬಾರಿ, ವಸಂತದಲ್ಲಿಯೂ ಶರತ್ತಿನಲ್ಲಿಯೂ ರೋಮ ಬದಲಿಸುತ್ತದೆಂದು ಇಂಗ್ಲಿಷ್ ಪುಸ್ತಕಗಳು ಹೇಳುತ್ತವೆ. ಇದಕ್ಕೆ ಮುಖ್ಯ ಪ್ರೇರಣೆ ಹಗಲಿನ ಉದ್ದ. ಲಂಡನ್ನಿನಲ್ಲಿ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಸುಮಾರು ಒಂಬತ್ತು ಗಂಟೆಗಳ ಅಂತರ. ಮೈಸೂರಿನಲ್ಲಿ ಸುಮಾರು ಒಂದೂವರೆ ಗಂಟೆ ಮಾತ್ರ. ಆದ್ದರಿಂದ ನಮ್ಮ ಮನೆಯ ಮೊಲ ಆ ಪುಸ್ತಕದ ಪಂಚಾಂಗವನ್ನು ಅನುಸರಿಸದಿದ್ದರೆ ಗಾಬರಿಪಡಬೇಕಾಗಿಲ್ಲ. ಪಂಚಾಂಗವನ್ನು ಬಿಟ್ಟು ಮೊಲವನ್ನೇ ನೋಡತಕ್ಕದ್ದು.

ಇನ್ನು ಮೈ ಬಾಚುವ ವಿಷಯ. ಇದು ಅಂದಕ್ಕಾಗಿ ಮಾಡುವ ಕೆಲಸವೆಂದು ಅನೇಕರು ತಿಳಿದಿರುವರು. ವಾಸ್ತವವಾಗಿ ಇದು ಹೊಟ್ಟೆಯ ಕ್ಷೇಮದ ಕೆಲಸ. ಮೊಲ ತನ್ನ ಮೈಯನ್ನು ತಾನೇ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ. ಉದುರಿದ ಕೂದಲು ಹೊಟ್ಟೆ ಸೇರುತ್ತದೆ. ಬೆಕ್ಕು ನುಂಗಿದ ಕೂದಲನ್ನು ವಾಂತಿ ಮಾಡಬಲ್ಲುದು. ಮೊಲ ವಾಂತಿ ಮಾಡಲಾರದು. ನುಂಗಿದುದು ಮುಂದಕ್ಕೇ ಸಾಗಬೇಕು. ಹಾಗೆ ಸಾಗಬೇಕಾದರೆ ನಾರುಳ್ಳ ಆಹಾರ ಅವಶ್ಯ. ಒಣಹುಲ್ಲು ಸದಾ ಮುಂದಿರಲಿ, ನೀರು ಕೊರೆಯಾಗದಿರಲಿ. ಹಿಕ್ಕೆಗಳು ಮಣಿಸರದಂತೆ ಕೂದಲಿನಲ್ಲಿ ಪೋಣಿಸಿಕೊಂಡು ಬಂದರೆ ಇನ್ನೂ ಹೆಚ್ಚು ಬಾಚಬೇಕು, ಇನ್ನೂ ಹೆಚ್ಚು ಹುಲ್ಲು ಕೊಡಬೇಕು ಎಂದು ಅರ್ಥ. ಅರ್ಧ ದಿನ ಮೊಲ ಏನನ್ನೂ ತಿನ್ನದೆ, ಹಿಕ್ಕೆ ಹಾಕದೆ ಕುಳಿತರೆ ನಾಳೆ ನೋಡೋಣವೆನ್ನದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಸಾಧಾರಣ ರೋಮದ ಮೊಲಕ್ಕೆ ವಾರಕ್ಕೊಮ್ಮೆ ಬಾಚಿದರೆ ಸಾಕು. ಉದುರುವ ಕಾಲದಲ್ಲಿ ಪ್ರತಿದಿನ, ಸ್ವಲ್ಪ ಸ್ವಲ್ಪ ಹೊತ್ತು. ಉದ್ದರೋಮದ ಅಂಗೋರಾ ತಳಿಗೆ ಆರೈಕೆ ಇದಕ್ಕಿಂತ ಬಹಳ ಹೆಚ್ಚು ಬೇಕು. ನೀವು ನೆಲದ ಮೇಲೆ ಕುಳಿತು ಮರಿಯನ್ನು ತೊಡೆಯ ಮೇಲಿಟ್ಟುಕೊಳ್ಳಿರಿ. ಕಿವಿ ಹಿಡಿದು ಎತ್ತುವುದು ಎಂದೂ ಸಲ್ಲದು. ಎದೆಗೂ ಹಿಂಗಾಲಿಗೂ ಆಸರೆ ಕೊಡಬೇಕು. ಹೆದರಿ ಜಾಡಿಸಿ ಒದ್ದ ಮೊಲ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಂಡೀತು. ಮೆತ್ತನೆಯ ಕುಂಚದಿಂದ ತಲೆಯಿಂದ ಬಾಲದ ಕಡೆಗೆ ಬಾಚಿ, ಕೊನೆಗೆ ಒದ್ದೆ ಅಂಗೈಯಿಂದ ಸವರಿದರೆ ಸಡಿಲವಾದ ಕೂದಲೆಲ್ಲ ಕೈಗೆ ಬರುತ್ತದೆ. ಗಂಟುಗಳನ್ನು ಬೆರಳಿನಿಂದ ಬಿಡಿಸಬೇಕಲ್ಲದೆ ಕತ್ತರಿ ಹಾಕಬಾರದು. ಮೊಲದ ಚರ್ಮ ಬಲು ತೆಳು, ಗಂಟಿನೊಡನೆ ಅದೂ ಕತ್ತರಿಸಿಹೋಗುತ್ತದೆ.

ಸ್ನಾನವನ್ನಂತೂ ಮಾಡಿಸಲೇಬಾರದು. ದಟ್ಟವಾದ ಒಳರೋಮ ನೀರನ್ನು ಹಿಡಿದಿಟ್ಟುಕೊಂಡು ಮೈಯ ಶಾಖವನ್ನು ಕಳೆಯುತ್ತದೆ. ಅದರೊಡನೆ ಭಯ ಸೇರಿ ಕರುಳಿನ ಚಲನೆಯನ್ನು ಕುಗ್ಗಿಸುತ್ತದೆ. ನಮ್ಮ ಮರಿಗೆ ಆದುದು ಇದೇ ಎಂದು ಈಗ ತಿಳಿಯುತ್ತದೆ. ಕೊಳೆಯಾದ ಜಾಗವೊಂದಿದ್ದರೆ ಅಷ್ಟನ್ನೇ ಉಗುರುಬೆಚ್ಚನೆಯ ನೀರಿನ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಬೇಕು.

ಎಲ್ಲ ರೋಮಪಾತವೂ ಸಹಜವೆಂದೂ ತಿಳಿಯಬಾರದು. ಉದುರಿದ ಜಾಗದಲ್ಲಿ ಹೊಸ ಕೂದಲಿನ ಚಿಗುರಿದ್ದು, ಚರ್ಮ ನಯವಾಗಿದ್ದರೆ ಚಿಂತೆಯಿಲ್ಲ. ಗರ್ಭಿಣಿಯಾದ ಹೆಣ್ಣು ಮೊಲ ಗೂಡಿನ ಮೆತ್ತೆಗಾಗಿ ತನ್ನ ಎದೆಯ ಕೂದಲನ್ನು ಕಿತ್ತುಕೊಳ್ಳುವುದೂ ಸಹಜವೇ. ಆದರೆ ಚರ್ಮ ಕೆಂಪಾಗಿ ತುರಿಕೆಯಿದ್ದರೆ, ಹೆಗಲಿನ ಹಿಂದೆ ಹೊಟ್ಟು ಉದುರುತ್ತಿದ್ದರೆ, ವೃತ್ತಾಕಾರದ ಬೋಳು ಕಂಡರೆ, ಅದು ನುಸಿಯೋ ಹುಳುಕಡ್ಡಿಯೋ ಆಗಿರಬಹುದು. ಇವು ಮನೆಯ ಮಕ್ಕಳಿಗೂ ಅಂಟುವಂಥವು. ಆಗ ವೈದ್ಯರೇ ಗತಿ. ನಾಯಿಯ ಚಿಗಟಕ್ಕೆ ಹಾಕುವ ಫಿಪ್ರೊನಿಲ್ ಔಷಧ ಮೊಲಕ್ಕೆ ಪ್ರಾಣಾಪಾಯಕರ; ಮನೆಯಲ್ಲಿದೆಯೆಂದು ಅದನ್ನು ಹಚ್ಚಬಾರದು.

ಕೆಲವು ತಿಂಗಳ ತರುವಾಯ ನಾವು ಆ ಸಂತೆಗೆ ಮತ್ತೆ ಹೋಗಿ, ಮಾರಿದವನನ್ನು ಕಂಡು ನಡೆದುದನ್ನು ಹೇಳಿ ಕ್ಷಮೆ ಕೇಳಿದೆವು. ಅವನು ನಮ್ಮನ್ನು ನಿಂದಿಸಲಿಲ್ಲ, ಮರಿಗಾಗಿ ಮರುಗಿದನು. ಅಂದು ತಂದ ಎರಡನೆಯ ಮರಿಯೂ ನಾಲ್ಕನೆಯ ತಿಂಗಳಿಗೆ ಸರಿಯಾಗಿ ತುಕ್ಕುಬಣ್ಣ ತಾಳಿತು. ಮಕ್ಕಳು ನಮ್ಮ ಮುಖವನ್ನು ನೋಡಿದರು. ನಾವು ಕುಂಚವನ್ನು ಕೈಗೆ ತೆಗೆದುಕೊಂಡೆವು, ಬೋಗುಣಿಯನ್ನು ಮುಟ್ಟಲಿಲ್ಲ. ಆರನೆಯ ತಿಂಗಳಲ್ಲಿ ಮೊಲ ಮತ್ತೆ ಕಾಡಿಗೆಯಂತೆ ಕಪ್ಪಾಗಿತ್ತು.