ಬೋರ್ಡು ಅವರಿಗೆ, ಹಾಡು ಇವರಿಗೆ, ಗಿರಾಕಿ ಯಾರಿಗೆ?

ದಾವಣಗೆರೆ: ಮೊನ್ನೆ ಸಂಜೆ ಪಿ.ಬಿ. ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದವರಿಗೆ ಪುಕ್ಕಟೆ ಮನರಂಜನೆ. ಒಂದು ಮೊಬೈಲ್ ಅಂಗಡಿಯ ಒಳಗಿನಿಂದ ಇಂಗ್ಲಿಷ್ ಹಾಡು. ಹಾಡಿಗಿಂತ ಜೋರಾಗಿ ಜಗಳ! ಬಿಲ್ಲಿನ ತಕರಾರೋ, ಕೆಟ್ಟ ಬ್ಯಾಟರಿಯ ತಕರಾರೋ ಇರಬೇಕು ಅಂತ ಇಣುಕಿದರೆ ವಿಷಯ ಬೇರೆಯೇ. ಮೂವರು ಗಿರಾಕಿಗಳು, ಒಬ್ಬರು ಯಜಮಾನರು. ನಾಲ್ಕೂ ಜನ ಸೇರಿ ಇಂಗ್ಲೆಂಡಿನ ಒಬ್ಬ ಹಳೆಯ ಹಾಡುಗಾರನ ಲೆಕ್ಕ ಚುಕ್ತಾ ಮಾಡುತ್ತಿದ್ದರು.

ಹಾಡುಗಾರನ ಹೆಸರು ರೋಜರ್ ವಾಟರ್ಸ್. 1943ರಲ್ಲಿ ಹುಟ್ಟಿದಾತ. ಜಗಳಕ್ಕೆ ಕಾರಣ, 2000ದ ಡಿಸೆಂಬರಿನಲ್ಲಿ ಹೊರಬಂದ ಆತನ 'ಇನ್ ದಿ ಫ್ಲೆಶ್' ಎಂಬ ಲೈವ್ ಆಲ್ಬಂ. ಆಲ್ಬಂ ಹಳೆಯದು. ಜಗಳ ಮಾತ್ರ ಹಂಚಿನಿಂದ ಈಗ ತಾನೇ ಇಳಿಸಿದ ಬೆಣ್ಣೆ ದೋಸೆ!

'ನಮಗ್ಯಾಕ್ರೀ ಇಂಗ್ಲೆಂಡಿನ ಉಸಾಬರಿ?' ಅಂತೀರಾ? ಸ್ವಲ್ಪ ತಾಳಿ. ಇದು ಬರೀ ಹಾಡಿನ ಜಗಳ ಅಲ್ಲ. ಪಾಲುದಾರಿಕೆಯ ಜಗಳ. ಅಂಗಡಿ ಇಟ್ಟವರಿಗೆಲ್ಲ ಎದೆಗೆ ತಾಗುವ ಜಗಳ.

ಕೂಡಿ ಇಟ್ಟ ಅಂಗಡಿ

ಪಿಂಕ್ ಫ್ಲಾಯ್ಡ್ ಅಂತ ಒಂದು ರಾಕ್ ಸಂಗೀತದ ತಂಡ. 1965ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು. ಮೊದಲ ಮುಂದಾಳು ಸಿಡ್ ಬ್ಯಾರೆಟ್. ಆತನ ಮನಸ್ಸಿನ ಆರೋಗ್ಯ ಕೆಟ್ಟು 1968ರಲ್ಲಿ ತಂಡದಿಂದ ದೂರವಾದ ಮೇಲೆ ಉಳಿದವರು ನಾಲ್ವರು. ಬಾಸ್ ಗಿಟಾರ್ ಹಿಡಿದು ಹಾಡು ಬರೆಯುತ್ತಿದ್ದ ವಾಟರ್ಸ್, ಗಿಟಾರಿನ ಡೇವಿಡ್ ಗಿಲ್ಮೋರ್, ಕೀಬೋರ್ಡಿನ ರಿಚರ್ಡ್ ರೈಟ್, ಡ್ರಮ್ಸಿನ ನಿಕ್ ಮೇಸನ್.

1973ರಲ್ಲಿ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಬಂತು. ಅಂಗಡಿಯ ಮುಂದೆ ಪ್ರಪಂಚವೇ ಕ್ಯೂ ನಿಂತಿತು. 1979ರಲ್ಲಿ 'ದಿ ವಾಲ್', ಅಂದರೆ 'ಗೋಡೆ'. ಅಷ್ಟರಲ್ಲಿ ನಾಲ್ವರ ನಡುವೆಯೂ ಗೋಡೆ ಎದ್ದಿತ್ತು. ಆ ಆಲ್ಬಂ ತಯಾರಾಗುತ್ತಿದ್ದಾಗಲೇ ರೈಟ್‌ನನ್ನು ಪಾಲಿನಿಂದ ತೆಗೆದರು. ಆಮೇಲೆ 1980-81ರ ಪ್ರದರ್ಶನಗಳಲ್ಲಿ ಆತ ಬರೀ ಸಂಬಳಕ್ಕೆ ಬಾರಿಸಿದ. ದಿನಾ ರಾತ್ರಿ ರಂಗದ ಮೇಲೆ ಗೋಡೆ ಕಟ್ಟಿ ಕೆಡವುವ ಆಟ, ಖರ್ಚೋ ಖರ್ಚು! ಪಾಲುದಾರರ ಜೇಬು ಖಾಲಿ. ದುಡ್ಡು ಮನೆಗೆ ಒಯ್ದವನು ಸಂಬಳದ ರೈಟ್ ಒಬ್ಬನೇ. ಇಂಥ ಲೆಕ್ಕ ನಮ್ಮ ಮಂಡಿಪೇಟೆಯವರಿಗೂ ಹೊಸದಲ್ಲ ಬಿಡಿ.

1985ರಲ್ಲಿ ವಾಟರ್ಸ್ ಹೊರಬಿದ್ದ. ತಾನು ಬಿಟ್ಟ ಮೇಲೆ ಅಂಗಡಿಗೆ ಬೀಗ ಅಂತ ಆತನ ಎಣಿಕೆ. ಗಿಲ್ಮೋರ್ ಮತ್ತು ಮೇಸನ್ ಒಪ್ಪಲಿಲ್ಲ. 'ನಾವು ನಡೆಸ್ತೀವಿ' ಅಂದರು. 1986ರಲ್ಲಿ ವಿಷಯ ಹೈಕೋರ್ಟಿಗೆ ಹೋಯಿತು. 1987ರ ಡಿಸೆಂಬರಿನಲ್ಲಿ ರಾಜಿ. ಪಿಂಕ್ ಫ್ಲಾಯ್ಡ್ ಅನ್ನುವ ಬೋರ್ಡು ಗಿಲ್ಮೋರ್, ಮೇಸನ್ ಪಾಲಿಗೆ. 'ದಿ ವಾಲ್' ಹಕ್ಕು ವಾಟರ್ಸ್ ಪಾಲಿಗೆ. ಪ್ರದರ್ಶನದಲ್ಲಿ ಹಾರಿಸುತ್ತಿದ್ದ ಗಾಳಿ ತುಂಬಿದ ದೊಡ್ಡ ಹಂದಿ ಕೂಡ ವಾಟರ್ಸ್‌ಗೇ! ಹಿಸ್ಸೆ ಅಂದಮೇಲೆ ಒರಳು, ಬೀಸುಕಲ್ಲು ಎಲ್ಲಾ ಲೆಕ್ಕಕ್ಕೆ ಬರುತ್ತವಲ್ಲ.

ಆ ವರ್ಷ ಎರಡೂ ಕಡೆಯವರು ಊರೂರು ತಿರುಗಿದರು. ಬೋರ್ಡು ಇದ್ದವರಿಗೆ ಸ್ಟೇಡಿಯಂ ತುಂಬಿತು. ಹಾಡು ಬರೆದಾತನಿಗೆ ಅದರ ಅರ್ಧ ಜನವೂ ಸೇರಲಿಲ್ಲ. ಗಿರಾಕಿಗೆ ಅಡಿಗೆಭಟ್ಟನ ಮುಖ ಗೊತ್ತಿರುವುದಿಲ್ಲ, ಬೋರ್ಡು ಗೊತ್ತಿರುತ್ತದೆ. ನಮ್ಮೂರಿನಲ್ಲಿ 'ಒರಿಜಿನಲ್' ಅಂತ ಬರೆದುಕೊಂಡ ದೋಸೆ ಹೋಟೆಲುಗಳ ಮುಂದೆ ನಿಂತು ತಲೆ ಕೆರೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹನ್ನೆರಡು ವರ್ಷದ ಮೇಲೆ

ಆಮೇಲೆ ವಾಟರ್ಸ್ ಊರೂರು ತಿರುಗಿ ಹಾಡುವುದನ್ನೇ ಬಿಟ್ಟ. 1990ರಲ್ಲಿ ಬರ್ಲಿನ್ನಿನಲ್ಲಿ 'ದಿ ವಾಲ್' ದೊಡ್ಡ ಪ್ರದರ್ಶನ ಒಂದು ಆಯಿತು, ಅಷ್ಟೇ. ಮತ್ತೆ ಪ್ರವಾಸ ಹೊರಟದ್ದು 1999ರಲ್ಲಿ, ಹನ್ನೆರಡು ವರ್ಷದ ಮೇಲೆ. ಈ ಸಲ ಜನ ಬಂದರು. 2000ದ ಜೂನಿನಲ್ಲಿ ಅಮೆರಿಕದ ಫೀನಿಕ್ಸ್, ಲಾಸ್ ವೇಗಸ್, ಅರ್ವೈನ್, ಪೋರ್ಟ್‌ಲ್ಯಾಂಡ್ ಊರುಗಳಲ್ಲಿ ಹಾಡಿದ್ದನ್ನು ಹಿಡಿದು ಎರಡು ಸಿ.ಡಿ. ಮಾಡಿದರು. ಅದೇ 'ಇನ್ ದಿ ಫ್ಲೆಶ್'. ಇಪ್ಪತ್ತಕ್ಕೂ ಹೆಚ್ಚು ಹಾಡು. ಮುಕ್ಕಾಲು ಪಾಲು ಪಿಂಕ್ ಫ್ಲಾಯ್ಡ್ ಕಾಲದ್ದು, ಮಿಕ್ಕದ್ದು ವಾಟರ್ಸ್ ಒಬ್ಬನೇ ಮಾಡಿದ್ದು, ಕೊನೆಯಲ್ಲಿ ಒಂದು ಹೊಸದು.

ಗಿಲ್ಮೋರ್ ಇಲ್ಲವಲ್ಲ, ಆತನ ಗಿಟಾರ್ ಯಾರು ಬಾರಿಸಬೇಕು? ಒಬ್ಬನ ಕೆಲಸಕ್ಕೆ ಇಬ್ಬರು: ಸ್ನೋಯಿ ವೈಟ್ ಮತ್ತು ಡಾಯ್ಲ್ ಬ್ರಾಮ್‌ಹಾಲ್. ಆತನ ದನಿಯ ಹಾಡುಗಳನ್ನು ಬ್ರಾಮ್‌ಹಾಲ್ ಮತ್ತು ಕೀಬೋರ್ಡಿನ ಜಾನ್ ಕ್ಯಾರಿನ್ ಹಂಚಿಕೊಂಡರು. ತಮಾಷೆ ನೋಡಿ, ಈ ಕ್ಯಾರಿನ್ ಅದಕ್ಕೆ ಮುಂಚೆ ಗಿಲ್ಮೋರ್ ಕಡೆಯ ಪಿಂಕ್ ಫ್ಲಾಯ್ಡಿನಲ್ಲೂ ಬಾರಿಸಿದವನೇ. ಅಣ್ಣತಮ್ಮಂದಿರು ಮಾತು ಬಿಟ್ಟರೂ ಎರಡೂ ಮನೆಯಲ್ಲಿ ಊಟ ಮಾಡುವ ನೆಂಟ ಒಬ್ಬ ಇದ್ದೇ ಇರುತ್ತಾನೆ!

ಇನ್ನು ಅಂಗಡಿಯೊಳಗಿನ ಅಭಿಪ್ರಾಯಗಳಿಗೆ ಬರೋಣ. ಕೇಳಿಸಿಕೊಂಡಷ್ಟನ್ನು ಹಾಗೇ ಕೊಟ್ಟಿದ್ದೇನೆ.

ರಾತ್ರಿ ಬಸ್ಸಿನ ಮೇಷ್ಟ್ರು

ಮೊದಲನೆಯವರು ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. 2002ರ ಏಪ್ರಿಲ್‌ನಲ್ಲಿ ವಾಟರ್ಸ್ ಇದೇ ಪ್ರವಾಸದಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದ. ಆಗ ಇವರು ವಿದ್ಯಾರ್ಥಿ. ಹಾಸ್ಟೆಲಿನಿಂದ ಗೆಳೆಯರ ಜೊತೆ ರಾತ್ರಿ ಬಸ್ಸು ಹತ್ತಿ ಹೋದವರು.

'ರೀ, ನಾಲ್ಕು ಜನ ಹಾಸ್ಟೆಲ್ ರೂಮಿನಲ್ಲಿ ಒಂದೇ ವಾಕ್‌ಮನ್ ಹಂಚಿಕೊಂಡು ಕೇಳಿದ ಹಾಡು. ಬರೆದ ಮನುಷ್ಯನೇ ಎದುರಿಗೆ ನಿಂತು ಹಾಡ್ತಾನೆ ಅಂದ್ರೆ! ಈ ಆಲ್ಬಂ ಹಾಕಿದ್ರೆ ಈಗಲೂ ಆ ಮೈದಾನ ಕಣ್ಣಿಗೆ ಬರ್ತದೆ. ಗಿಟಾರ್ ಯಾರು ಬಾರಿಸಿದ್ರೇನು? ಮಾತು ಯಾರದ್ದು ಅನ್ನೋದು ಮುಖ್ಯ.'

ಮೇಷ್ಟ್ರ ವಾದಕ್ಕೆ ಆಧಾರ ಇದೆ. 'ಡಾರ್ಕ್ ಸೈಡ್'ನ ಅಷ್ಟೂ ಹಾಡಿನ ಮಾತು ವಾಟರ್ಸ್ ಬರೆದದ್ದು. ಯುದ್ಧದ ಹಾಡುಗಳ ಹಿಂದೆ ಆತನ ಸ್ವಂತ ನೋವೂ ಇದೆ. 1944ರ ಫೆಬ್ರವರಿಯಲ್ಲಿ ಇಟಲಿಯ ಆಂಜಿಯೋ ಯುದ್ಧದಲ್ಲಿ ತಂದೆ ಸತ್ತಾಗ ಕೂಸಿಗೆ ಐದೇ ತಿಂಗಳು. 'ಸಂಬಳದ ಹಾಡುಗಾರ ಇದನ್ನ ಹಾಡಬಲ್ಲ, ಅನುಭವಿಸಲಾರ' ಅಂತ ಮೇಷ್ಟ್ರ ತೀರ್ಪು.

ಆರ್ಕೆಸ್ಟ್ರಾದವರ ತಕರಾರು

ಎರಡನೆಯವರು ಮದುವೆ, ಗಣಪತಿ ಹಬ್ಬಗಳಲ್ಲಿ ಆರ್ಕೆಸ್ಟ್ರಾ ಗಿಟಾರ್ ಬಾರಿಸುವವರು. ಮೇಷ್ಟ್ರ ಮಾತಿಗೆ ಎಗರಿಬಿದ್ದರು.

'ಹಂಗಂದ್ರೆ ಹೆಂಗ್ರೀ ಸಾರ್? ಮಾತು ಕಾಗದದ ಮೇಲೆ ಇರ್ತೈತಿ. ಜನ ಗುನುಗೋದು ಗಿಟಾರನ್ನ. ನಾನೂ ಇಪ್ಪತ್ತು ವರ್ಷದಿಂದ ಬ್ಯಾರೆಯವರ ಹಾಡು ಬಾರಿಸ್ತೀನಿ. ಎಷ್ಟು ಚೆಂದ ಬಾರಿಸಿದ್ರೂ ಜನ "ಸೇಮ್ ಟು ಸೇಮ್" ಅಂತಾರೆ. ಅದು ಹೊಗಳಿಕೆ ಅಲ್ರೀ, ನಂದಲ್ಲ ಅಂತ ಹೇಳೋದು. ಈ ಆಲ್ಬಂನಾಗ ಆ ಇಬ್ರು ಒಳ್ಳೆ ಕೈಯೇ. ಆದ್ರ ಅವರು ಗಿಲ್ಮೋರ್ ಕುರ್ಚಿ ಮ್ಯಾಲೆ ಕುಂತಾರ. ಕುರ್ಚಿ ಖಾಲಿ ಐತಿ ಅಂತ ಮತ್ತಷ್ಟು ಗೊತ್ತಾಗ್ತೈತಿ.'

ಇವರ ಓಟು 1995ರ 'ಪಲ್ಸ್' ಆಲ್ಬಂಗೆ. ಅದು ಬೋರ್ಡು ಉಳಿಸಿಕೊಂಡವರ ಲೈವ್. ಮೊದಮೊದಲು ಬಂದ ಸಿ.ಡಿ. ಡಬ್ಬಿಯಲ್ಲಿ ಸಣ್ಣ ಕೆಂಪು ದೀಪ ಮಿಣಕ್ ಮಿಣಕ್ ಅನ್ನುತ್ತಿತ್ತು. 'ಡಬ್ಬಿ ನೋಡಿಯೇ ಜನ ಕೊಳ್ಳೋರು' ಅಂತ ಯಜಮಾನರು ನಡುವೆ ಬಾಯಿ ಹಾಕಿದರು.

ಆರ್ಕೆಸ್ಟ್ರಾದವರದು ಇನ್ನೊಂದು ತಕರಾರು. ಲೈವ್ ಅಂದಮೇಲೆ ಏನಾದರೂ ಹೊಸದು ಇರಬೇಕು. ಇಲ್ಲಿ ಬಹಳ ಹಾಡು ಸ್ಟುಡಿಯೋದ ಅಚ್ಚಿನಂತೆಯೇ ಇವೆ ಅಂತ. ಅದೂ ಸುಳ್ಳಲ್ಲ. ಆದರೆ 'ಡಾಗ್ಸ್' ಬಂದಾಗ ಅವರೂ ಸುಮ್ಮನಾದರು. ಕಾಲು ಗಂಟೆಗೂ ಮೀರಿದ ಹಾಡು. ಅದರ ವಿಡಿಯೋದಲ್ಲಿ, ನಡುವೆ ಕೀಬೋರ್ಡ್ ಒಂದೇ ನುಡಿಯುವಾಗ ವಾಟರ್ಸ್ ಮತ್ತು ಜೊತೆಯವರು ರಂಗದ ಮೇಲೇ ಮೇಜು ಹಾಕಿಕೊಂಡು ಇಸ್ಪೀಟು ಆಡುತ್ತಾರೆ! ಬಸ್ಸಿಗೆ ಕಾಯುತ್ತಿದ್ದ ಒಬ್ಬರು ಒಳಗೆ ಬಂದು ಅದನ್ನು ನೋಡಿ ನಕ್ಕು ಹೋದರು.

ಹೊಸಬಳ ಕಿವಿ

ಮೂರನೆಯವಳು ಕಾಲೇಜು ಹುಡುಗಿ. ಫೋನಿನ ಗಾಜು ಹಾಕಿಸಲು ಬಂದವಳು. ಪಾಲು, ಕೋರ್ಟು, ಹಂದಿ ಯಾವುದೂ ಅವಳಿಗೆ ಗೊತ್ತಿಲ್ಲ.

'ಅಂಕಲ್, ನೀವಿಬ್ರೂ ಯಾರು ಇಲ್ಲ ಅಂತಾನೇ ಕೇಳ್ತಿದೀರಿ. ನಂಗೆ ಇರೋದಷ್ಟೇ ಕೇಳ್ತದೆ. ಆ ಕೊನೇ ಹಾಡು ಚೆನ್ನಾಗಿದೆ.'

ಕೊನೆಯ ಹಾಡು 'ಈಚ್ ಸ್ಮಾಲ್ ಕ್ಯಾಂಡಲ್'. ಆಗಿನ ಬಾಲ್ಕನ್ ಯುದ್ಧದ ಕಾಲದಲ್ಲಿ ಒಬ್ಬ ಸರ್ಬಿಯನ್ ಸೈನಿಕ ಸಾಲು ಬಿಟ್ಟು ಬಂದು, ಗಾಯಗೊಂಡ ಅಲ್ಬೇನಿಯನ್ ಹೆಂಗಸಿಗೆ ನೆರವಾದ ಕಥೆ ಅದರಲ್ಲಿದೆ. ಇಬ್ಬರು ಹಿರಿಯರೂ ಆ ಹಾಡನ್ನು ಪೂರ್ತಿ ಕೇಳಿಯೇ ಇರಲಿಲ್ಲವಂತೆ! 'ಹಳೇ ಹಾಡು ಮುಗಿದ ತಕ್ಷಣ ಆಫ್ ಮಾಡ್ತಿದ್ವಿ' ಅಂತ ಮೇಷ್ಟ್ರು ಒಪ್ಪಿಕೊಂಡರು.

ಹಂಚಲಾಗದ ಹಾಡು

ಆದರೆ ಓದುಗರೇ, ಇಡೀ ಜಗಳದ ಗಂಟು ಇರುವುದು ಅದಕ್ಕಿಂತ ಮುಂಚೆ ಬರುವ ಒಂದು ಹಾಡಿನಲ್ಲಿ. 'ಕಂಫರ್ಟಬ್ಲಿ ನಂಬ್'. 'ದಿ ವಾಲ್' ಕಾಲದ್ದು. ಮಾತು ವಾಟರ್ಸ್‌ದು, ರಾಗ ಗಿಲ್ಮೋರ್‌ದು. ಒಂದು ಭಾಗ ಇವನು ಹಾಡಬೇಕು, ಇನ್ನೊಂದು ಭಾಗ ಅವನು. ಕೋರ್ಟು ಇದನ್ನು ಹೇಗೆ ಸೀಳೀತು?

'ಪಲ್ಸ್'ನಲ್ಲಿ ಗಿಲ್ಮೋರ್ ಇದ್ದಾನೆ, ವಾಟರ್ಸ್ ಭಾಗವನ್ನು ಬೇರೆಯವರು ಹಾಡುತ್ತಾರೆ. 'ಇನ್ ದಿ ಫ್ಲೆಶ್'ನಲ್ಲಿ ವಾಟರ್ಸ್ ಇದ್ದಾನೆ, ಗಿಲ್ಮೋರ್ ಭಾಗ ಬೇರೆಯವರದು. ಎರಡೂ ಕಡೆ ಅರ್ಧ ಹಾಡಿಗೆ ಕೂಲಿ ಆಳು! ಮೇಷ್ಟ್ರು, ಆರ್ಕೆಸ್ಟ್ರಾದವರು ಇಬ್ಬರೂ ಹೇಳುತ್ತಿದ್ದುದು ನಿಜವೇ. ಇಬ್ಬರ ಕೈಯಲ್ಲೂ ಅರ್ಧರ್ಧ ನಿಜ ಇತ್ತು.

ನಾಲ್ವರೂ ಮತ್ತೆ ಒಂದೇ ರಂಗದ ಮೇಲೆ ನಿಂತದ್ದು 2005ರ ಜುಲೈ 2ರಂದು, ಲಂಡನ್ನಿನ ಹೈಡ್ ಪಾರ್ಕಿನ ಲೈವ್ 8 ಕಾರ್ಯಕ್ರಮದಲ್ಲಿ. ಇಪ್ಪತ್ತನಾಲ್ಕು ವರ್ಷದ ಮೇಲೆ. ಅದೇ ಮೊದಲು, ಅದೇ ಕೊನೆ. 2008ರಲ್ಲಿ ರೈಟ್ ತೀರಿಕೊಂಡ. 2011ರಲ್ಲಿ ಲಂಡನ್ನಿನ ಒಂದು ಪ್ರದರ್ಶನದಲ್ಲಿ ಗಿಲ್ಮೋರ್ ಗೋಡೆಯ ಮೇಲೆ ನಿಂತು ಇದೇ ಹಾಡಿಗೆ ಗಿಟಾರ್ ಬಾರಿಸಿದ, ಕೆಳಗೆ ವಾಟರ್ಸ್ ಹಾಡಿದ. ಕೋರ್ಟಿಗೆ ಹೋದದ್ದು ತನ್ನದೇ ತಪ್ಪು ಅಂತ 2013ರಲ್ಲಿ ವಾಟರ್ಸ್ ಬಿಬಿಸಿ ಎದುರು ಒಪ್ಪಿಕೊಂಡ. ಆದರೂ ಅಂಗಡಿ ಕೂಡಲಿಲ್ಲ.

ಯಜಮಾನರ ಮಾತು

ಇಷ್ಟೆಲ್ಲಾ ಆಗುವಾಗ ಯಜಮಾನರು ಸ್ಕ್ರೂ ಬಿಚ್ಚುತ್ತಾ ಸುಮ್ಮನೆ ಕೂತಿದ್ದರು. 'ನಿಮ್ಮ ಅಭಿಪ್ರಾಯ ಏನ್ರೀ ಯಜಮಾನ್ರೇ?' ಅಂತ ಕೆದಕಿದೆ.

'ನಂದೇನ್ ಕೇಳ್ತೀರಿ ಬಿಡ್ರೀ' ಅಂದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಶುರು ಮಾಡಿದರು.

'ಮೊದ್ಲು ನಾನೂ ನಮ್ಮಣ್ಣನೂ ಕೂಡಿ ಕ್ಯಾಸೆಟ್ ಅಂಗಡಿ ಇಟ್ಟಿದ್ವಿ. ಗಿರಾಕಿ ಪಟ್ಟಿ ಕೊಟ್ರೆ ಹಾಡು ತುಂಬಿ ಕೊಡೋದು ನನ್ನ ಕೆಲಸ. ಮಾತಾಡಿ ಗಿರಾಕಿ ಹಿಡಿಯೋದು ಅಣ್ಣಂದು. ಆಮೇಲೆ ಬ್ಯಾರೆ ಆದ್ವಿ. ಬೋರ್ಡು ಅಣ್ಣಗ ಹೋತು. ಮಷೀನು ನಂಗ ಬಂತು. ಬೋರ್ಡಿನ ಕೆಳಗ ಹಾಡು ತುಂಬೋರಿಲ್ಲ, ಮಷೀನಿನ ಮುಂದ ಗಿರಾಕಿ ಇಲ್ಲ. ಎರಡು ವರ್ಷದಾಗ ಎರಡೂ ಬಾಗ್ಲು ಹಾಕಿದ್ವಿ. ಅಷ್ಟೊತ್ತಿಗೆ ಕ್ಯಾಸೆಟ್ ಕಾಲನೂ ಮುಗಿದಿತ್ತು ಅನ್ರಿ.'

ಆಲ್ಬಂ ಹೇಗಿದೆ ಅನ್ನುವುದಕ್ಕೆ ಅವರ ಉತ್ತರ ಇಷ್ಟೇ: 'ಚಲೋ ಐತ್ರಿ. ಎಲ್ಲಾ ಚಲೋ ಬಾರಿಸ್ಯಾರ. ಆದ್ರ ಆ ಒಂದು ಹಾಡು ಬಂದಾಗ ನಾನು ವಾಲ್ಯೂಮ್ ಸಣ್ಣದು ಮಾಡ್ತೀನಿ.'

ಮೇಷ್ಟ್ರು, ಆರ್ಕೆಸ್ಟ್ರಾದವರು ಇಬ್ಬರೂ ಮಾತಾಡಲಿಲ್ಲ. ಹುಡುಗಿ ಫೋನು ತೆಗೆದುಕೊಂಡು ದುಡ್ಡು ಕೊಟ್ಟಳು.

'ಅಣ್ಣನ ಜೊತೆ ಮಾತುಕತೆ ಉಂಟೋ?' ಅಂದೆ.

'ಮೊನ್ನೆ ಆ ಲಂಡನ್ನಿನ ವಿಡಿಯೋ ಕಳ್ಸೀನ್ರಿ, ನಾಲ್ಕೂ ಮಂದಿ ಕೂಡಿ ಬಾರಿಸಿದ್ದು. ನೋಡ್ಯಾನ. ಇನ್ನಾ ಏನೂ ಅಂದಿಲ್ಲ.'

ಅಷ್ಟರಲ್ಲಿ ಹರಿಹರದ ಬಸ್ಸು ಬಂತು. ಓಡಿದೆ.