ಕನ್ಯೆಯರ ಮನಃಕ್ಲೇಶವೂ ದೇಹದ ಮೇದಸ್ಸೂ

ಚಿಂತೆಗೂ ಚಿತೆಗೂ ಇರುವ ಅಂತರ ಒಂದು ಬಿಂದು ಮಾತ್ರವೆಂಬುದು ಹಿರಿಯರ ಮಾತು. ಚಿಂತೆಯು ಜೀವಂತ ದೇಹವನ್ನು ಸುಟ್ಟು ಕರಗಿಸುವುದೆಂದು ಅದರ ತಾತ್ಪರ್ಯ. ನಮ್ಮ ಆಲಂಕಾರಿಕರೂ ವಿರಹದ ಅವಸ್ಥೆಗಳಲ್ಲಿ ಕೃಶತೆಯನ್ನು ಎಣಿಸಿದರು. ಮೇಘದೂತದ ಯಕ್ಷನ ಮುಂಗೈಯಿಂದ ಬಳೆಯೇ ಜಾರಿಹೋಯಿತು. ಈ ಸಂಸ್ಕಾರದಲ್ಲಿ ಬೆಳೆದ ನಮಗೆ ಮೈತುಂಬಿಕೊಂಡ ಹುಡುಗಿಯನ್ನು ಕಂಡಾಗ ‘ಇವಳಿಗೆ ಚಿಂತೆಯೆಲ್ಲಿಯದು?’ ಎನಿಸುವುದು ಸಹಜ. ಈ ಎಣಿಕೆಯು ನಿಜವಾಗಿರಬೇಕಾಗಿಲ್ಲವೆಂದು ಶರೀರಶಾಸ್ತ್ರವು ಹೇಳುವುದು.

ಹಠಾತ್ತಾಗಿ ಭಯವೊದಗಿದಾಗ, ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ತಿರುಳು ಅಡ್ರಿನಲಿನ್ ಎಂಬ ರಸವನ್ನು ನೆತ್ತರಿಗೆ ಸುರಿಸುವುದು. ಎದೆ ಡವಗುಟ್ಟುವುದು, ಹಸಿವು ಅಡಗುವುದು, ಕೂಡಿಟ್ಟ ಮೇದಸ್ಸು ಕರಗಿ ಬಳಕೆಗೆ ಬರುವುದು. ಆದರೆ ಕ್ಲೇಶವು ತಿಂಗಳುಗಟ್ಟಲೆ ನಿಂತರೆ ಅದೇ ಗ್ರಂಥಿಯ ಹೊರಪದರದಿಂದ ಬರುವ ಕಾರ್ಟಿಸಾಲ್ ಮೇಲುಗೈಯಾಗುವುದು. ಇದು ಹಸಿವನ್ನು ಕೆರಳಿಸುವುದು, ಸಿಹಿಯಲ್ಲಿಯೂ ಜಿಡ್ಡಿನಲ್ಲಿಯೂ ನಾಲಗೆಗೆ ಆಸೆ ಹುಟ್ಟಿಸುವುದು, ಮೇದಸ್ಸನ್ನು ವಿಶೇಷವಾಗಿ ಹೊಟ್ಟೆಯ ಒಳಭಾಗದಲ್ಲಿ ಸೇರಿಸುವುದು. ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗರು 1912ರಲ್ಲಿ ವರ್ಣಿಸಿದ ರೋಗದಲ್ಲಿ ಈ ರಸವು ಮಿತಿಮೀರಿ, ಮುಖವೂ ಹೊಟ್ಟೆಯೂ ಉಬ್ಬಿ, ಕೈಕಾಲುಗಳು ಬಡವಾಗುವುವು. ದೀರ್ಘಕ್ಲೇಶದಲ್ಲಾಗುವುದು ಇದರ ಬಹು ಸೌಮ್ಯವಾದ ಛಾಯೆಯೆನ್ನಬಹುದು. ಎಲ್ಲರಲ್ಲಿಯೂ ಹೀಗಾಗದು, ಅನ್ನ ಸೇರದೆ ಸೊರಗುವವರೂ ಉಂಟು. ಯಕ್ಷನು ಆ ಪಂಗಡದವನೆಂದು ಕಾಣುತ್ತದೆ.

ಹುಡುಗಿಯರ ವಿಷಯದಲ್ಲಿ ಒಂದು ಎಚ್ಚರ ಬೇಕು. ಯೌವನಾರಂಭದಲ್ಲಿ ಬಾಲಕರಿಗೆ ಮಾಂಸಖಂಡ ಬೆಳೆಯುವಂತೆ ಬಾಲಕಿಯರಿಗೆ ಮೇದಸ್ಸು ಕೂಡುವುದು ಪ್ರಕೃತಿಯ ಏರ್ಪಾಡು, ರೋಗವಲ್ಲ. ಅದಕ್ಕೆ ಮೀರಿದ್ದನ್ನು ಕ್ಲೇಶವು ಕೂಡಿಸುವುದೇ ಎಂಬುದೇ ಪ್ರಶ್ನೆ.

ಅಮೆರಿಕದ ರಿಚ್ಮಂಡ್, ಸಿನ್ಸಿನಾಟಿ, ವಾಷಿಂಗ್ಟನ್ ಪ್ರಾಂತಗಳಲ್ಲಿ 1987ರಿಂದ ಕರಿಯ ಮತ್ತು ಬಿಳಿಯ ಜನಾಂಗಗಳ 2379 ಬಾಲಕಿಯರನ್ನು ಒಂಬತ್ತು ಹತ್ತು ವರ್ಷದ ವಯಸ್ಸಿನಿಂದ ಆರಂಭಿಸಿ ಸುಮಾರು ಹತ್ತು ವರ್ಷ ಗಮನಿಸಲಾಯಿತು. ಆ ದಾಖಲೆಗಳನ್ನು ಟೊಮಿಯಾಮ ಮತ್ತು ಅವರ ಸಂಗಡಿಗರು 2013ರಲ್ಲಿ ವಿಮರ್ಶಿಸಿದಾಗ, ಕ್ಲೇಶ ಹೆಚ್ಚಾಗಿದ್ದವರಲ್ಲಿ ಎತ್ತರಕ್ಕೆ ಹೋಲಿಸಿದ ತೂಕವೂ ಹೆಚ್ಚಾಗಿದ್ದುದು ಕಂಡಿತು. ಕರಿಯ ಹುಡುಗಿಯರಲ್ಲಿ ಈ ಸಂಬಂಧ ಇನ್ನೂ ಬಲವಾಗಿತ್ತು. ಸಮಾನವಾದ ಕ್ಲೇಶವೂ ಎಲ್ಲ ದೇಹಗಳ ಮೇಲೆ ಸಮಾನವಾಗಿ ಬೀಳದೆಂದಾಯಿತು.

ತೂಕವೇ ಮೇದಸ್ಸಲ್ಲವೆಂಬುದನ್ನೂ ಮರೆಯಲಾಗದು. ಪುಣೆಯ ಯಾಜ್ಞಿಕರೂ ಲಂಡನ್ನಿನ ಯುಡ್ಕಿನ್ನರೂ 2004ರಲ್ಲಿ ತಮ್ಮನ್ನೇ ಉದಾಹರಣೆಯಾಗಿ ಮುಂದಿಟ್ಟರು: ಇಬ್ಬರ ತೂಕದ ಸೂಚ್ಯಂಕವೂ 22.3, ಮೇದಸ್ಸಾದರೋ ಯುಡ್ಕಿನ್ನರಲ್ಲಿ ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ತೆಳ್ಳಗೆ ಕಾಣುವ ನಮ್ಮ ಹುಡುಗಿಯರ ಒಳಗೂ ಇದು ಅಡಗಿರಬಹುದು. ಮೇಲಾಗಿ ಇಲ್ಲಿ ಕಾರ್ಯಕಾರಣಗಳು ಒಂದರ ಬಾಲವನ್ನೊಂದು ಹಿಡಿದಿವೆ: ಕ್ಲೇಶದಿಂದ ಮೈ ಬೆಳೆದರೆ, ಬೆಳೆದ ಮೈಯನ್ನು ಕುರಿತ ಮಾತುಗಳಿಂದ ಕ್ಲೇಶ ಬೆಳೆಯುವುದು.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಮಕ್ಕಳು ಹರೆಯಕ್ಕೆ ಬಂದಾಗ ಅವರಲ್ಲಿ ಕೆಲವರನ್ನು ಒಂದು ಪರೀಕ್ಷೆಗೆ ಒಳಪಡಿಸಿದರು. ಅಧ್ಯಯನದ ಮುಖ್ಯ ವಿಷಯ ತಾಯಂದಿರ ಮಧುಮೇಹವಾದರೂ, ಕ್ಲೇಶ ಹುಟ್ಟಿಸಲು ಆರಿಸಿದ ಉಪಾಯವು ಅಧ್ಯಾಪಕರಾದ ನಮಗೆ ಸ್ವಾರಸ್ಯಕರ. ಜರ್ಮನಿಯ ಟ್ರೀರ್ ನಗರದ ವಿದ್ವಾಂಸರು 1993ರಲ್ಲಿ ಪ್ರಕಟಿಸಿದ ಪದ್ಧತಿಯಂತೆ, ಪರೀಕ್ಷಕರೆದುರು ನಿಂತು ಭಾಷಣ ಮಾಡಬೇಕು, ಬಳಿಕ ಬಾಯಿಲೆಕ್ಕ ಹೇಳಬೇಕು. ಮಕ್ಕಳ ಕಾರ್ಟಿಸಾಲೂ ರಕ್ತದ ಒತ್ತಡವೂ ಏರಿದುವು. ತರಗತಿಯಲ್ಲಿ ನಾವು ದಿನವೂ ಮಾಡಿಸುವುದು ಇದನ್ನೇ ಅಲ್ಲವೆ! ಒಮ್ಮೆ ಏರಿದ ರಸವು ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಇಳಿಯುವುದು, ಅದರಿಂದ ಕೇಡಿಲ್ಲ. ಇಳಿಯಲು ಬಿಡುವೇ ದೊರೆಯದಿರುವುದು ಕಷ್ಟ. ಡಿಕರ್ಸನ್ ಮತ್ತು ಕೆಮೆನಿ ಎಂಬವರು 208 ಪ್ರಯೋಗಗಳನ್ನು ಒಟ್ಟುಗೂಡಿಸಿ 2004ರಲ್ಲಿ ತೋರಿಸಿದಂತೆ, ಕಾರ್ಟಿಸಾಲನ್ನು ಎಲ್ಲಕ್ಕಿಂತ ಹೆಚ್ಚಾಗಿ ಏರಿಸುವ ಸನ್ನಿವೇಶವು ಎರಡು ಅಂಶಗಳುಳ್ಳದ್ದು: ಇತರರು ತನ್ನನ್ನು ಅಳೆಯುತ್ತಿರುವರೆಂಬ ಅರಿವು, ಅದನ್ನು ತಪ್ಪಿಸಲು ತನ್ನ ಕೈಯಲ್ಲಿ ಏನೂ ಇಲ್ಲವೆಂಬ ಅರಿವು. ನಾಲ್ವರ ಮುಂದೆ ತನ್ನ ಮೈಯ ಗಾತ್ರವನ್ನು ಕುರಿತ ಪರಿಹಾಸವನ್ನು ಕೇಳಿ ಸುಮ್ಮನೆ ನಿಲ್ಲಬೇಕಾದ ಹುಡುಗಿಗೆ ಈ ಎರಡೂ ಒಟ್ಟಿಗೆ ಒದಗುವುವು.